ಒಳಗೆ ಯಾರೋ ರೊಟ್ಟಿ ಬಡಿಯುತ್ತಿದ್ದಾರೆ

ಉಜ್ಜಿನಮ್ಮ ಬೀದಿಯಲ್ಲಿ ತರಕಾರಿ ಗಾಡಿಯ ಮುಂದೆ ನಿಂತು ಬದನೆಕಾಯಿ ಆರಿಸುತ್ತಿದ್ದಳು. ಅವಳ ಮನೆಯೊಳಗೆ ಯಾರೋ ಪಟಪಟ ರೊಟ್ಟಿ ಬಡಿಯುತ್ತಿದ್ದರು.

ಅಂಗಳದ ಮೂಲೆಯಲ್ಲಿ ಮೂರು ಕಲ್ಲು ಹೂಡಿ ಮುದ್ದೆಗೆ ಎಸರಿಟ್ಟಿದ್ದ ನರಸಮ್ಮ ಕಿವಿ ನಿಮಿರಿಸಿದಳು. ಈ ಮನೆಯಲ್ಲಿರುವುದು ತಾಯಿ, ಮಗ ಇಬ್ಬರೇ. ತಾಯಿ ಕಣ್ಣೆದುರಿಗೇ ಇದ್ದಾಳೆ. ಮಗ ರಂಗನಾಥ ನಸುಕಿಗೇ ಊರಾಚೆಯ ಕುರಿಹಟ್ಟಿಗೆ ಹೋಗುತ್ತಾನೆಂದು ದಿನಾ ಹೇಳುತ್ತಾರೆ. ಹಾಗಾದರೆ ಒಳಗಿರುವ ಕೈ ಯಾರದು?

ಅವಳು ಮಡಕಶಿರದಿಂದ ರಾಯದುರ್ಗಕ್ಕೆ ಬಂದದ್ದು ಅಣ್ಣನ ಮಗಳು ಹೇಮಶ್ರೀಗಾಗಿ ಗಂಡಿನ ಮನೆ ನೋಡಲು. ಮರುದಿನ ಅಣ್ಣ ಹಿರಿಯರನ್ನು ಕರೆತರಬೇಕಿತ್ತು; ಮರುದಿನ ಕೊರೊನಾ ಲಾಕ್‌ಡೌನ್‌ಗೆ ಬಸ್ಸುಗಳೇ ನಿಂತುಹೋದವು. ಯುಗಾದಿ ಇಲ್ಲೇ ಕಳೆಯಿತು. ವಾರ್ಡಿನ ವಾಲಂಟೀರನನ್ನು ಕೇಳಿದರೆ, ಆಸ್ಪತ್ರೆ ಕೇಸಿಗಷ್ಟೇ ಪಾಸು ಅನ್ನುತ್ತಾನೆ. ಮಾತು ಮುಗಿಯುವ ಮುಂಚೆ ಗಂಡಿನ ಮನೆಯ ಅನ್ನ ಮುಟ್ಟಿದರೆ ಹೆಣ್ಣು ಕೊಡಲು ಒಪ್ಪಿದಂತೆಯೇ. ಅದಕ್ಕೆ ಪಕ್ಕದ ಮನೆಯ ಓಬಕ್ಕನಿಂದ ರಾಗಿಹಿಟ್ಟು ಕೊಂಡು, ತನ್ನ ಮುದ್ದೆ ತಾನೇ ಬೇಯಿಸಿಕೊಂಡು ಕಾಯುತ್ತಿದ್ದಾಳೆ. ಅವಳು ಅಡುಗೆಮನೆಯ ಹೊಸ್ತಿಲು ದಾಟಿಲ್ಲ. ಉಜ್ಜಿನಮ್ಮ ದಾಟಲು ಬಿಟ್ಟೂ ಇಲ್ಲ. ರೊಟ್ಟಿ ಸದ್ದು ಕೇಳಿದಾಗಲೆಲ್ಲ ಉಜ್ಜಿನಮ್ಮ ಒಳಗಿರುತ್ತಿದ್ದಳು, ಬಾಗಿಲಿಗೆ ಚಿಲಕ ಹಾಕಿರುತ್ತಿತ್ತು. ಇವತ್ತು ಎಷ್ಟೋ ದಿನಕ್ಕೆ ಬಂದ ಗಾಡಿಯ ಕೂಗು ಕೇಳಿ ಎಲ್ಲ ಮರೆತು ಓಡಿಬಂದಿದ್ದಾಳೆ.

“ಒಳಗೆ ಯಾರವ್ರೆ ಉಜ್ಜಿನಮ್ಮ?”

ಬದನೆಕಾಯಿ ಹಿಡಿದಿದ್ದ ಎಡಗೈ ಅಲ್ಲೇ ನಿಂತಿತು. “ಯಾರೂ ಇಲ್ಲಲ್ರಿ.”

“ರೊಟ್ಟಿ ಬಡಿಯೋ ಸದ್ದು ಬತ್ತೈತೆ.”

“ಅದು… ಓಬಕ್ಕನ ಮನೀದು ಇರಬೇಕ್ರಿ.”

ಗಾಡಿಯ ಆಚೆ ಬದಿಯಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಟೊಮೇಟೊ ಒತ್ತಿ ನೋಡುತ್ತಿದ್ದ ಓಬಕ್ಕ ತಲೆ ಎತ್ತಿದಳು. “ನಾನ್ ಇಲ್ಲೇ ಅದೀನಲ್ಲವ್ವ! ನನ್ನ ಗಂಡ ಬಡಿಯಾಕ ಹತ್ಯಾನಂದ್ರ ನಾನೇ ಹೋಗಿ ಆರತಿ ಎತ್ತತೀನಿ.” ಗಾಡಿಯವನು ಕಿಸಕ್ಕನೆ ನಕ್ಕ. ಉಜ್ಜಿನಮ್ಮ ನಗಲಿಲ್ಲ.

ನರಸಮ್ಮನಿಗೆ ಅನುಮಾನ ಗಟ್ಟಿಯಾಯಿತು. ಹೆಂಗಸೇ ಇರಬೇಕು. ಮೊದಲು ಕಟ್ಟಿಕೊಂಡವಳೋ, ಇಟ್ಟುಕೊಂಡವಳೋ. ಇಷ್ಟು ದಿನ ಅದೇ ಸೂರಿನಡಿ, ಗೋಡೆಯಾಚೆ ಉಸಿರು ಬಿಗಿಹಿಡಿದು ಕೂತವಳು. ಬಸ್ಸು ನಿಲ್ಲದಿದ್ದರೆ ತಾನು ಕಾಫಿ ಕುಡಿದು, ಮನೆ ಚೆನ್ನಾಗಿದೆ ಎಂದು ಮರುದಿನ ಬಂದ ಅಣ್ಣನಿಗೆ ಹೇಳಿಬಿಡುತ್ತಿದ್ದಳು. ಹೇಮಶ್ರೀ ಬಂದು ಸವತಿಯ ಜೊತೆ ಒಲೆ ಊದಬೇಕಿತ್ತು. ಕೈಯಲ್ಲಿದ್ದ ಮುದ್ದೆಕೋಲನ್ನು ಕೆಳಗಿಡದೆಯೇ ಅವಳು ಒಳನುಗ್ಗಿದಳು. “ಮಡಿ ಐತ್ರಿ, ನಿಂದ್ರರಿ!” ಎನ್ನುತ್ತ ಉಜ್ಜಿನಮ್ಮ ಹಿಂದೆ ಓಡಿಬಂದಳು.

ಬಾಗಿಲು ತಳ್ಳಿದರೆ ಒಲೆಯ ಮುಂದೆ ರಂಗನಾಥ. ಲುಂಗಿ ಎತ್ತಿ ಕಟ್ಟಿದ್ದಾನೆ, ಮೊಣಕೈವರೆಗೆ ಜೋಳದ ಹಿಟ್ಟು. ಮುಂದಿನ ಬಾಗಿಲಿನಿಂದ ಹೋಗುವುದನ್ನು ತೋರಿಸಿ ಹಿತ್ತಿಲಿನಿಂದ ಒಳಗೆ ಬರುತ್ತಿದ್ದನೆಂದು ಕಾಣುತ್ತದೆ. ಬುಟ್ಟಿಯಲ್ಲಿ ರೊಟ್ಟಿಗಳು ಒಂದರ ಮೇಲೊಂದು, ಅಂಚು ಒಡೆಯದೆ, ಹಾಳೆಯಂತೆ ತೆಳ್ಳಗೆ.

“ಯಾರಿಗೂ ಹೇಳಬ್ಯಾಡ್ರಿ,” ಉಜ್ಜಿನಮ್ಮ ಬಲಗೈ ಮುಂದೆ ಚಾಚಿದಳು. ಬೆರಳುಗಳು ಅರ್ಧ ಮಡಚಿ ಗಟ್ಟಿಯಾಗಿದ್ದವು. “ಲಕ್ವಾ ಹೊಡದಾಗಿಂದ ಇದು ಏಳಂಗಿಲ್ಲ. ಅವಾಗಿಂದ ಇವನೇ ಬಡಿತಾನ. ಗಂಡಸು ಒಲಿ ಮುಂದ ಕುಂದ್ರತಾನ ಅಂದ್ರ ಹೆಣ್ಣು ಯಾರು ಕೊಡ್ತಾರ್ರಿ?”

ನರಸಮ್ಮನಿಗೆ ಹೋದ ಜೀವ ಬಂದಂತಾಯಿತು. “ಅಯ್ಯೋ, ಇಷ್ಟೇನಾ! ನಾನು ಒಳಗೆ ಇನ್ನೊಬ್ಳವ್ಳೆ ಅಂದ್ಕಂಡಿದ್ದೆ ಕಣಮ್ಮ.”

“ಇನ್ನೊಬ್ಬಾಕಿ ಇದ್ದಿದ್ರ ನಾ ಯಾಕ ಕೈ ಸುಟ್ಕೋತಿದ್ದೆನ್ರಿ?” ರಂಗನಾಥ ನಕ್ಕ. ನಗುತ್ತಲೇ ಇನ್ನೊಂದು ರೊಟ್ಟಿಯನ್ನು ಹೆಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿದ. ಎಂಥ ಹಗುರ ಕೈ! ಅವನು ನರಸಮ್ಮನಿಗೆ ಹಿಡಿಸಿಬಿಟ್ಟ.

“ನಮ್ ಹುಡ್ಗಿ ಮುದ್ದೆ ತಿಂದು ಬೆಳೆದೋಳು, ರೊಟ್ಟಿ ಬಡಿಯಾಕ್ ಬರಲ್ಲ. ನೀನೇ ಬಡಿದು ಹಾಕ್ತೀಯ ಬಿಡಪ್ಪ.”

ಉಜ್ಜಿನಮ್ಮನ ಮುಖವೂ ಅರಳಿತು. “ನಾಕ್ ದಿನ ಕಲಿಸಿದ್ರ ತಾನೇ ಕಲೀತಾಳ್ರಿ. ಆಮ್ಯಾಲೆ ಇವನಿಗ್ಯಾಕ ಈ ಕರ್ಮ? ಅದಕ್ಕ ಅಲ್ಲೇನ್ರಿ ನಾ ಇಷ್ಟು ಅವಸರ ಮಾಡಿ ಹೆಣ್ಣು ಹುಡುಕಿದ್ದು.”

ನರಸಮ್ಮ ರಂಗನಾಥನ ಕಡೆ ತಿರುಗಿದಳು. “ನೀನೇನಂತೀಯಪ್ಪ?”

ಅವನು ಕೈಯ ಹಿಟ್ಟನ್ನು ನಿಧಾನಕ್ಕೆ ಉಜ್ಜಿ ಉದುರಿಸತೊಡಗಿದ.

ಹೆಂಚಿನ ಮೇಲಿನ ರೊಟ್ಟಿಯ ಅಂಚು ಕಪ್ಪಗಾಯಿತು. ರಂಗನಾಥನ ಕೈ ತಾನೇ ತಾನಾಗಿ ಅದರತ್ತ ಚಾಚಿತು, ತಾಯಿಯ ಮುಖ ಕಂಡು ನಡುವೆಯೇ ನಿಂತಿತು. ಸುಟ್ಟ ವಾಸನೆ ಎದ್ದಿತು. ಯಾರಾದರೂ ತಿರುವಿ ಹಾಕಬೇಕಿತ್ತು. ತಾಯಿ, ಮಗ ಇಬ್ಬರೂ ನರಸಮ್ಮನ ಕೈಗಳನ್ನು ನೋಡಿದರು.

ನರಸಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.