ಆಚಮನದ ತೊಟ್ಟು

"ಹತ್ತು ವರ್ಷದಿಂದ ಇದೇ ಟ್ಯಾಂಕಿನ ನೀರಲ್ಲಿ ಆಚಮನ ಮಾಡ್ತಿದೀನಿ ಕಣಮ್ಮ. ತೊಳೆಸೋಕೆ ಏನಾಗಿದೆ ಅದಕ್ಕೆ?" ಎನ್ನುತ್ತ ಸರಸ್ವತಿಪುರಂನ ಮನೆ ಮಾಲೀಕ ಲಕ್ಷ್ಮೀನರಸಿಂಹಯ್ಯನವರು, ಮಡಿ ಕೆಡದಂತೆ ಎತ್ತರದಿಂದಲೇ, ಉದ್ಧರಣೆ ಚಮಚದಿಂದ ಒಂದು ತೊಟ್ಟು ನೀರನ್ನು ಗಾಜಿನ ಚೂರಿನ ಮೇಲೆ ಬಿಟ್ಟರು.

ಮೂರು ತಿಂಗಳಿಂದ ಟ್ಯಾಂಕ್ ತೊಳೆಸಿ ಎಂದು ಬೇಡಿ ಸೋತಿದ್ದ, ಅವರ ಮನೆಯಲ್ಲಿ ಬಾಡಿಗೆಗಿದ್ದ ಸಂಘಮಿತ್ರ ಅದನ್ನು ತಾನೇ ಜೋಡಿಸಿದ ಸೂಕ್ಷ್ಮದರ್ಶಕ ಯಂತ್ರಕ್ಕಿಟ್ಟಳು. ಯಂತ್ರವೆಂದರೆ ನಾಲ್ಕು ಬೋಲ್ಟು, ಕೆಟ್ಟ ಲೇಸರ್ ಲೈಟಿನಿಂದ ಕಿತ್ತ ಮಸೂರ, ಮೇಲೊಂದು ಮೊಬೈಲು. ನಿನ್ನೆಯವರೆಗೂ ಬರೀ ಮಂಜು ತೋರಿಸಿದ್ದ ಪರದೆ, ಬೋಲ್ಟನ್ನು ಕಾಲು ಸುತ್ತು ತಿರುಗಿಸಿದ್ದೇ ತಿಳಿಯಾಯಿತು. ಪಾರದರ್ಶಕ ಮೈಯ ಹುಳುವೊಂದು ಈಜಿ ಬಂತು. ಹಿಂದೆಯೇ ಅದರ ಸಂಸಾರ.

"ಕಾಲಿದೆಯಲ್ಲಮ್ಮ ಇದಕ್ಕೆ!"

"ಹೊಟ್ಟೇನೂ ಇದೆ ಸಾರ್. ನೋಡಿ, ಏನೋ ತಿಂತಿದೆ."

ಈರುಳ್ಳಿಯನ್ನೂ ಮನೆಯೊಳಗೆ ಸೇರಿಸದ ಲಕ್ಷ್ಮೀನರಸಿಂಹಯ್ಯನವರು ಮಡಿ ಮರೆತು ಪರದೆಗೆ ಮೂಗು ತಾಗಿಸಿದರು. ಆಮೇಲೆ ಪಂಚೆ ಎತ್ತಿಕಟ್ಟಿ, ಬ್ರಷ್ ಹಿಡಿದು, "ಏಣಿ ಗಟ್ಟಿಯಾಗಿ ಹಿಡ್ಕೊಳ್ಳಮ್ಮ" ಎಂದು ತಾವೇ ಟ್ಯಾಂಕಿಗೆ ಹತ್ತಿದರು.