ಖಾಲಿ ಫೋನು

"ಅದನ್ನೂ ಅಳಿಸು ಯಾದ್ವಿಗಾ," ಎಂದಳು ಪಕ್ಕದ ಮನೆಯ ರಾಯಾ. "ಜೈಲಿನ ಬಾಗಿಲಲ್ಲಿ ಫೋನ್ ಬಿಚ್ಚಿ ನೋಡ್ತಾರೆ. ಏನಾದ್ರೂ ಸಿಕ್ತೋ, ಭೇಟಿಗೆ ಕತ್ತರಿ."

ಒಲೆ ಆರಿಸಿದೆಯಾ, ಬೀಗ ಹಾಕಿದೆಯಾ ಎಂದು ನೋಡಿಕೊಳ್ಳುವ ಹಾಗೆ ಮಿನ್ಸ್ಕ್‌ನಲ್ಲಿ ಮನೆ ಬಿಡುವ ಮುನ್ನ ಫೋನು ತೊಳೆದೆಯಾ ಎಂದೂ ನೋಡಿಕೊಳ್ಳಬೇಕು. ಸುದ್ದಿಗಳು ಹೋದವು, ಗೆಳತಿಯರ ಹರಟೆ ಹೋಯಿತು, ಫೋಟೊಗಳೂ ಹೋದವು. ಉಳಿದದ್ದು ಮಗ ಕಸ್ತುಸ್‌ನ ದನಿಯೊಂದೇ. ಸರ್ಕಾರಕ್ಕೆ ಆಗದ ಯಾವುದೋ ಸುದ್ದಿಯ ಕೆಳಗೆ ಮೆಚ್ಚುಗೆಯ ಹೆಬ್ಬೆರಳು ಒತ್ತಿದ ತಪ್ಪಿಗೆ ಅವನನ್ನು ಹಿಡಿದೊಯ್ದಿದ್ದರು. ಆ ಸಂಜೆ ಬಸ್ಸಿನಿಂದ ಅವನು ಕಳಿಸಿದ್ದು: "ಅಮ್ಮಾ, ಆಲೂಗಡ್ಡೆ ಬೇಯೋಕಿಡು, ಬಂದೆ." ಎರಡು ವರ್ಷದಿಂದ ಯಾದ್ವಿಗಾ ದಿನಕ್ಕೊಮ್ಮೆಯಾದರೂ ಅದನ್ನು ಕೇಳದೆ ಇದ್ದವಳಲ್ಲ.

"ಆಲೂಗಡ್ಡೆಯಲ್ಲಿ ಏನೇ ರಾಜಕೀಯ?"

"ಅವರು ಹುಡುಕಿದ್ರೆ ಸಿಪ್ಪೆಯಲ್ಲೂ ಸಿಗುತ್ತೆ. ಮಗನ ಮುಖ ನೋಡ್ಬೇಕೋ, ದನಿ ಇಟ್ಕೋಬೇಕೋ, ನೀನೇ ಹೇಳು."

ಮುಖ ನೋಡಿ ಐದು ತಿಂಗಳಾಗಿತ್ತು. ಯಾದ್ವಿಗಾ ಮನಸ್ಸು ಕಲ್ಲು ಮಾಡಿಕೊಂಡು ಒತ್ತಿದಳು.

ಜೈಲಿನ ಬಾಗಿಲಲ್ಲಿ ಕಾವಲಿನವನು ಫೋನನ್ನು ಮೇಲೆ ಕೆಳಗೆ ಸರಿಸಿ ಸರಿಸಿ ನೋಡಿದ. ಹುಬ್ಬು ಗಂಟಿಕ್ಕಿದ.

"ಏನಜ್ಜಿ ಇದು? ಒಂದು ಬೆಕ್ಕಿನ ಫೋಟೊನೂ ಇಲ್ಲ! ಇಷ್ಟು ಚೊಕ್ಕ ಇಟ್ಕೊಳ್ಳೋರು ಏನೋ ಮುಚ್ಚಿಡ್ತಿರ್ತಾರೆ. ಇವತ್ತು ಭೇಟಿ ಇಲ್ಲ, ಹೊರಡಿ."

ಸುಳ್ಳು ಹೇಳಲೂ ಯಾದ್ವಿಗಾಳಿಗೆ ಏನೂ ತೋಚಲಿಲ್ಲ.

"ಮುಚ್ಚಿಟ್ಟಿಲ್ಲಪ್ಪಾ. ನನ್ನ ಮಗನ ದನಿ ಇತ್ತು. ನಿಮಗೆ ಹೆದರಿ ಬೆಳಿಗ್ಗೆ ನಾನೇ ಅಳಿಸಿದೆ. ಅದು ಇನ್ನೆಲ್ಲೂ ಇಲ್ಲ."

ಅವನು ತಲೆ ಎತ್ತಲಿಲ್ಲ. ಖಾಲಿ ಫೋನನ್ನೇ ಇನ್ನೊಮ್ಮೆ ನೋಡಿ, ಅವಳ ಕೈಗಿಟ್ಟ. ಪಾಪ, ಅವನಿಗೂ ಎಲ್ಲೋ ಒಬ್ಬ ತಾಯಿ ಇದ್ದಿರಬೇಕು.

"ಒಳಗೆ ಹೋಗಿ. ಬೇಗ ಹೋಗಿ."

ದಪ್ಪ ಗಾಜಿನಾಚೆ ಸೊರಗಿ ಕಡ್ಡಿಯಾಗಿದ್ದ ಕಸ್ತುಸ್ ರಿಸೀವರ್ ಎತ್ತಿಕೊಂಡ. "ಅಮ್ಮಾ, ಮಂಡಿ ನೋವು ಹೇಗಿದೆ?"

"ಅದೆಲ್ಲ ಬಿಡು. 'ಆಲೂಗಡ್ಡೆ ಬೇಯೋಕಿಡು, ಬಂದೆ' ಅನ್ನು."

"ಏನಮ್ಮಾ ಇದು, ಇದ್ದಕ್ಕಿದ್ದ ಹಾಗೆ?"

"ಅನ್ನೋ, ಮಗಾ."

ಅವನು ನಗುತ್ತ ಅಂದ. ಐದು ತಿಂಗಳಿಂದ ಹಂಬಲಿಸಿದ್ದ ಮುಖ ಮೊಳದ ದೂರದಲ್ಲೇ ಇತ್ತು. ಯಾದ್ವಿಗಾ ರಿಸೀವರನ್ನು ಕಿವಿಗೆ ಒತ್ತಿ ಹಿಡಿದು, ಎರಡೂ ಕಣ್ಣು ಮುಚ್ಚಿಕೊಂಡಳು.

"ಇನ್ನೊಂದು ಸಲ."