ಕೋರಿಕೆಯ ನಿಲುಗಡೆ

ಬಸ್ ಡ್ರೈವರ್ ಮತ್ತೆ ಕಾರು ನಿಲ್ಲಿಸಿದ. ರಸ್ತೆಗೆ ಹಸು ಅಡ್ಡ ಬಂದಿರಲಿಲ್ಲ, ಗುಂಡಿಯೂ ಇರಲಿಲ್ಲ. ಪಕ್ಕದಲ್ಲಿ ಒಂದು ಬಸ್‌ ಸ್ಟಾಪು ಇತ್ತು, ಅಷ್ಟೆ.

“ಏನ್ರೀ ಇದು! ಸ್ಟಾಪು ಕಂಡಲ್ಲೆಲ್ಲ ಬ್ರೇಕು,” ಎಂದಳು ಹೆಂಡತಿ. “ಇದು ನನ್ನ ತಮ್ಮನ ಕಾರು, ನಿಮ್ಮ ಬಸ್ಸಲ್ಲ.”

“ನಾನೆಲ್ಲಿ ನಿಲ್ಲಿಸಿದೆ? ಕಾಲು ನಿಲ್ಲಿಸ್ತು ಕಣೇ.”

ಅವಳಿಗೆ ನಗು ಬರಲಿಲ್ಲ. ಬೆಳಿಗ್ಗೆ ಮೊದಲ ಸಲ ಹೀಗಾದಾಗಲೇ ನಕ್ಕು ಮುಗಿದಿತ್ತು. ವಸಂತದ ರಜೆ ಬಂತೆಂದರೆ ಊರವರನ್ನೆಲ್ಲ ಹೂ ನೋಡಲು ಕರೆದೊಯ್ಯುವುದೇ ಅವನ ಡ್ಯೂಟಿ. ಹೂ ಬಿಟ್ಟ ಆ ಬೆಟ್ಟವನ್ನು ಅವಳು ಮಾತ್ರ ಒಮ್ಮೆಯೂ ನೋಡಿರಲಿಲ್ಲ. ಈ ವರ್ಷ ಹೇಗೋ ಅವನಿಗೆ ಒಂದು ದಿನ ಬಿಡುವು ಸಿಕ್ಕಿತ್ತು. ರಾತ್ರಿ ಪಾಳಿ ಮುಗಿಸಿ ಬಂದವನು ಮುಖ ತೊಳೆದು ಹಾಗೇ ಹೊರಟಿದ್ದ. ಕೆರೆ, ಹಳೆಯ ಸೇತುವೆ ಎಲ್ಲವನ್ನೂ ಆಕಳಿಸುತ್ತಲೇ ತೋರಿಸಿದ್ದ. ಬಿಸಿಲು ಇಳಿಯುವುದರೊಳಗೆ ಬೆಟ್ಟ ಮುಟ್ಟಿದರೆ ಅವಳಿಗೆ ಅಷ್ಟೇ ಸಾಕಿತ್ತು.

ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆಯಿತು. ಸ್ಟಾಪಿನಲ್ಲಿ ಕೂತಿದ್ದ ಅಜ್ಜಿಯೊಬ್ಬಳು ಮೊದಲು ಚೀಲ ಹತ್ತಿಸಿದಳು, ಆಮೇಲೆ ತಾನು ಹತ್ತಿದಳು.

“ರಜಾ ದಿನ ಬಸ್ಸಿಲ್ಲ ಅಂದಿದ್ರಪ್ಪ. ದೇವರು ಚಿಕ್ಕದಾದ್ರೂ ಒಂದು ಕಳಿಸಿದ್ನಲ್ಲ!”

ಡ್ರೈವರ್ ಹೆಂಡತಿಯ ಮುಖ ನೋಡಿದ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಕಾರು ಹೊರಟಿತು.

“ನೀವೂ ಹೂ ನೋಡೋಕೇನಾ, ಅಜ್ಜಿ?” ಸ್ವಲ್ಪ ಹೊತ್ತಾದ ಮೇಲೆ ಅವಳು ಕೇಳಿದಳು. ದನಿಯಲ್ಲಿ ಕೊಂಕಿತ್ತು.

“ತಂಗೀನ ನೋಡೋಕೆ, ತಾಯಿ. ನಿನ್ನೆಯಿಂದ ಕಣ್ಣು ಬಿಟ್ಟಿಲ್ವಂತೆ. ಕವಲಲ್ಲಿ ಇಳಿಸಿಬಿಡಿ, ಕೆಳಗಿನ ದಾರೀಲಿ ನಡ್ಕೊಂಡು ಹೋಗ್ತೀನಿ. ಕತ್ತಲಾಗೋದರೊಳಗೆ ಮುಟ್ಟಬಹುದು. ಅವಳು ಕಾದಿದ್ರೆ...”

ಡ್ರೈವರ್ ಕಾರಿನ ವೇಗ ಹೆಚ್ಚಿಸಿದ.

ಕವಲು ಬಂತು, ಕಾರು ನಿಂತಿತು. ಮೇಲಿನ ದಾರಿಯ ತುದಿಯಲ್ಲಿ ಬೆಟ್ಟದ ಅಂಚು ನಸುಗೆಂಪಾಗಿ ಕಾಣುತ್ತಿತ್ತು. ಅಜ್ಜಿ ಬಾಗಿಲಿನ ಹಿಡಿಗಾಗಿ ತಡಕಾಡಿದಳು. ಡ್ರೈವರ್ ಎಂಜಿನ್ ಆರಿಸಲಿಲ್ಲ, ಹೆಂಡತಿಯನ್ನು ಏನೂ ಕೇಳಲೂ ಇಲ್ಲ. ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟು, ನಿದ್ದೆಗೆಟ್ಟ ಕಣ್ಣುಗಳಿಂದ ಮುಂದೆ ನೋಡುತ್ತ ಕೂತ. ಕಂಡಕ್ಟರ್ ಹೇಳದೆ ಒಂದು ದಿನವೂ ಬಸ್ಸು ಕದಲಿಸಿದವನಲ್ಲ ಅವನು.

ಅವಳು ಬೆಟ್ಟವನ್ನು ಒಂದು ಸಲ ನೋಡಿದಳು. ದೀರ್ಘವಾಗಿ ಉಸಿರುಬಿಟ್ಟಳು.

“ಕೂತ್ಕೊಳ್ಳಿ ಅಜ್ಜಿ. ನಿಮ್ಮ ಸ್ಟಾಪು ಇನ್ನೂ ಬಂದಿಲ್ಲ.” ಕಿಟಕಿಯಿಂದ ಕೈ ಹೊರಗೆ ಹಾಕಿ ಕಾರಿನ ಬಾಗಿಲಿಗೆ ಎರಡು ಸಲ ಬಡಿದಳು. “ರೈಟ್, ರೈಟ್.”

ಕಾರು ಕೆಳಗಿನ ದಾರಿಗೆ ಇಳಿಯಿತು. ಅವಳು ಹಿಂದಿರುಗಿ ನೋಡಲಿಲ್ಲ. ದಾರಿಯಲ್ಲಿ ಇನ್ನೂ ಯಾರಾದರೂ ನಿಂತಿದ್ದಾರೆಯೇ ಎಂದು ಕತ್ತು ಚಾಚಿ ನೋಡುತ್ತಿದ್ದಳು.